ಚಲೋ ಅನ್ಬ್ಯಾಡ್ರಿ!

ನನ್ನ ಮಾತು ಮೀರುವ ಕುದುರೆ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಯುಗಾದಿಯ ದಿನ ಬಾಯಲ್ಲಿ ಬೇವುಬೆಲ್ಲ ಇಟ್ಟುಕೊಂಡೇ ಮನೆಮಂದಿಯೆದುರು ಘೋಷಿಸಿದೆ. ಘೋಷಿಸುವ ಹಕ್ಕು ನನಗಿತ್ತು. ಇಪ್ಪತ್ತು ವರ್ಷದಿಂದ ಕುದುರೆ ಸವಾರಿಯೇ ನನ್ನ ವೃತ್ತಿ. ಪುಣೆ, ಜೈಪುರದ ಸ್ಪರ್ಧೆಗಳಲ್ಲಿ ಎದೆಮಟ್ಟದ ಬೇಲಿ ಹಾರಿಸಿ ಬಹುಮಾನ ತಂದವಳು ನಾನು. ಈಗ ದಾವಣಗೆರೆಯ ಹೊರಗೆ ನನ್ನದೇ ಸವಾರಿ ಶಾಲೆ ಇದೆ. ಬೆಳಿಗ್ಗೆ ಮಕ್ಕಳಿಗೆ ಸವಾರಿ ಕಲಿಸುತ್ತೇನೆ, ಮಧ್ಯಾಹ್ನ ಅದೇ ಮಕ್ಕಳಿಗಾಗಿ ಒಂದು ಕುಳ್ಳ ಕುದುರೆಯ ಕಥೆ ಬರೆಯುತ್ತೇನೆ. ಕಥಾನಾಯಕನ ಹೆಸರು ಬೆಣ್ಣೆ. ದಾವಣಗೆರೆಯಲ್ಲಿದ್ದುಕೊಂಡು ಬೇರೆ ಹೆಸರು ಇಡುವುದುಂಟೇ! ಇದುವರೆಗಿನ ಹನ್ನೊಂದು ಕಥೆಗಳಲ್ಲಿ ಬೆಣ್ಣೆ ಹೊಳೆ ದಾಟಿದೆ, ಕಳ್ಳನನ್ನು ಹಿಡಿದಿದೆ, ಒಮ್ಮೆ ಗಣಿತದ ಪರೀಕ್ಷೆಗೂ ನೆರವಾಗಿದೆ. ಒಂದೇ ಒಂದು ಸಲವೂ ಯಜಮಾನಿಯ ಮಾತು ಮೀರಿಲ್ಲ.

ಕಥೆಗಳು ಪುಸ್ತಕವಾಗುವ ಹೊತ್ತಿಗೆ, ಹರಿಹರದ ಫಿರ್ದೌಸ್ ತನ್ನ ಕುಳ್ಳ ಕುದುರೆಯನ್ನು ಮಾರುತ್ತಾನೆಂಬ ಸುದ್ದಿ ಬಂತು. ಅವನು ಮದುವೆ ಮೆರವಣಿಗೆಗೆ ಕುದುರೆ ಕೊಡುವವನು. ಈಗಿನ ಮದುಮಕ್ಕಳಿಗೆ ಹೂವಿನ ಜೀಪೇ ಬೇಕಂತೆ. ಹೋಗಿ ನೋಡಿದರೆ ಅಚ್ಚ ಬೆಣ್ಣೆಯ ಬಣ್ಣ! ಕಣ್ಣ ಮೇಲೆ ಬೀಳುವ ಜುಟ್ಟು! ಅದು ನನ್ನ ಹೆಗಲ ಮೇಲೆ ಮುಖವಿಟ್ಟು ಉಸ್ಸೆಂದಿತು. ಮಾತುಕತೆ ಮುಗಿಸಿ, ಅದರ ಸಾಮಾನು ಸಮೇತ ಕರೆತಂದು, ಬೆಣ್ಣೆ ಎಂದೇ ಹೆಸರಿಟ್ಟು, ಎಸ್.ಎಸ್. ಬಡಾವಣೆಯ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಕಟ್ಟಿದೆ.

"ಸವಾರಿ ಶಾಲೇಲಿ ಜಾಗ ಇಲ್ಲೇನು?" ಎಂದರು ನನ್ನ ಗಂಡ ಬಸವಕಿರಣ್. ಕರೂರು ಕೈಗಾರಿಕಾ ಪ್ರದೇಶದಲ್ಲಿ ಅವರದು ರಟ್ಟಿನ ಪೆಟ್ಟಿಗೆಯ ಕಾರ್ಖಾನೆ. ಏನು ಕಂಡರೂ ಇದು ಯಾವ ಅಳತೆಯ ಪೆಟ್ಟಿಗೆಯಲ್ಲಿ ಹಿಡಿದೀತು ಎಂದು ನೋಡುವ ಕಣ್ಣು. ಬೆಣ್ಣೆಯನ್ನೂ ಹಾಗೆಯೇ ನೋಡಿದರು.

"ಲೇಖಕಿ ಅಂದ್ಮೇಲೆ ಕಥಾನಾಯಕನ ಜತೆಗೇ ಇರ್ಬೇಕ್ರಿ."

"ಹಂಗಾದ್ರೆ ನಾನ್ಯಾರು?"

"ನೀವು ಓದುಗರು!"

ಮೂರನೆಯ ದಿನ ಬೆಳಿಗ್ಗೆ ನಮ್ಮತ್ತೆ ದ್ರಾಕ್ಷಾಯಣಮ್ಮ ಅದೇ ಸೈಟಿನಲ್ಲಿ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರು. ನಾನು ಬೆಣ್ಣೆಯ ಮೇಲೆ ಕುಳಿತು ಮೆಲ್ಲಗೆ ಸುತ್ತು ಹಾಕಿಸುತ್ತಿದ್ದೆ. ಪಕ್ಕದ ಮನೆಯ ಕಾಟಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಅಯ್ಯ, ನಯನಾ! ಕುದ್ರೆ ಬಾಳ ಚಲೋ ಐತಲ್ಲವ್ವ!" ಎಂದರು. ನಾನಿನ್ನೂ ಬೀಗಿ ಮುಗಿದಿರಲಿಲ್ಲ, ಬೆಣ್ಣೆ ಹೊರಟೇಬಿಟ್ಟಿತು! ಲಗಾಮು ಎಳೆದೆ. ಹಿಂದಕ್ಕೆ ವಾಲಿ ಮತ್ತೆ ಎಳೆದೆ. ಸಂಡಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಹೋಗಿ, ಗೋಡೆ ಅಡ್ಡ ಬಂದಿದ್ದರಿಂದ ತಿರುಗಿ ಇನ್ನೊಮ್ಮೆ ಅದೇ ದಾರಿಯಲ್ಲಿ ಬಂತು.

"ಏನೂ ಇಲ್ಲ, ಕಾಟಮ್ಮನವರ ಕೆಂಪು ಸೀರೆಗೆ ಬೆದರೈತೆ," ಎಂದು ನಾನು ತಜ್ಞೆಯ ತೀರ್ಪು ಕೊಟ್ಟೆ.

"ನಂದು ಹಸಿರು ಸೀರೆ ಐತಲ್ಲವ್ವ!"

"ಹಸಿರಿಗೂ ಬೆದರ್ತಾವ್ರಿ. ಹುಲ್ಲೇ ಎದ್ದು ಬಂತು ಅನ್ಕಂತಾವೆ."

ಅತ್ತೆ ಒಂದು ಸಂಡಿಗೆಯನ್ನು ಎತ್ತಿ ಬಿಸಿಲಿಗೆ ಹಿಡಿದರು. "ಇಲ್ನೋಡು, ಲಾಳದ ಗುರ್ತು ಬಿದ್ದೈತೆ. ಇದನ್ನ ಬೀಗರ ಎಲೆಗೆ ಹೆಂಗವ್ವಾ ಬಡಿಸ್ಲಿ? ನಮ್ಮನೆ ಸಂಡಿಗೆ ಕುದ್ರೆ ಮಾಡೈತೆ ಅನ್ಲಾ?"

ಮರುದಿನ ಪುಸ್ತಕದ ಹಿಂಬದಿಗೆ ಫೋಟೊ ಬೇಕಾಗಿತ್ತು. ನಾನು ಬೆಣ್ಣೆಯನ್ನೇರಿ, ಗದ್ದ ಎತ್ತಿ, ದಿಗಂತದ ಕಡೆ, ಅಂದರೆ ಕಾಟಮ್ಮನವರ ನೀರಿನ ಟ್ಯಾಂಕಿನ ಕಡೆ, ದೃಷ್ಟಿ ನೆಟ್ಟೆ. ಬಸವಕಿರಣ್ ಮೊಬೈಲ್ ಹಿಡಿದು, "ಇನ್ನೂ ಸ್ವಲ್ಪ ನಗು. ಹಾಂ, ಚಲೋ ಬಂತು!" ಎಂದರು. ಫೋಟೊದಲ್ಲಿ ಬಂದದ್ದು ಬಾಲ ಮಾತ್ರ! ಬೆಣ್ಣೆ ಗೇಟು ದಾಟಿ, ಎರಡು ಅಡ್ಡರಸ್ತೆ ದಾಟಿ, ಒಂದು ಕಲ್ಯಾಣಮಂಟಪದ ಬಾಗಿಲಿಗೆ ಹೋಗಿ ತಾನಾಗಿಯೇ ನಿಂತಿತು. ಕಾವಲುಗಾರ ಎದ್ದು ಬಂದು, "ಇವತ್ತು ಯಾವ ಮದ್ವೀನೂ ಇಲ್ಲವ್ವ," ಎಂದು ಮರ್ಯಾದೆಯಿಂದಲೇ ಹೇಳಿದ.

ಸ್ಕೂಟರಿನಲ್ಲಿ ಅಟ್ಟಿಸಿಕೊಂಡು ಬಂದ ಬಸವಕಿರಣ್ ಅಲ್ಲಿಯೇ ತೀರ್ಪಿತ್ತರು. "ನೋಡು ನಯನಾ, ಇನ್ನೊಂದು ಸಲ ಇದು ತಾನಾಗಿ ಓಡಿದ್ರೆ ಫಿರ್ದೌಸ್ ಮನೆಗೆ ವಾಪಸ್. ಅವ್ವಗೆ ಮಾತು ಕೊಟ್ಟೀನಿ."

ಇವರು ಅವ್ವನಿಗೆ ಕೊಟ್ಟ ಮಾತು ತಪ್ಪುವವರಲ್ಲ. ನನಗೆ ನಿಜವಾಗಿಯೂ ಭಯವಾಯಿತು. ನಾಲ್ಕೇ ದಿನದಲ್ಲಿ ಆ ಪ್ರಾಣಿ ನನ್ನ ಹೆಜ್ಜೆಯ ಸದ್ದಿಗೆ ಕಿವಿ ನಿಮಿರಿಸುವುದನ್ನು ಕಲಿತಿತ್ತು. ಅದನ್ನು ಹಗ್ಗ ಹಿಡಿದು ಹಿಂದಕ್ಕೆ ಬಿಟ್ಟು ಬರುವುದು ನನ್ನಿಂದಾಗದ ಕೆಲಸ. ಜೊತೆಗೆ, ಬರುವ ಶನಿವಾರ ಹರಿಹರದ ಒಂದು ಶಾಲೆಯಲ್ಲಿ ಇನ್ನೂರು ಮಕ್ಕಳೆದುರು ಬೆಣ್ಣೆಯ ಮೇಲೆ ಕುಳಿತೇ ಕಥೆ ಓದುತ್ತೇನೆಂದು ಒಪ್ಪಿಕೊಂಡೂ ಆಗಿತ್ತು.

ಫಿರ್ದೌಸ್‌ಗೆ ಫೋನು ಮಾಡಿದೆ. ಸಲಹೆ ಕೇಳಲಿಕ್ಕಲ್ಲ, ಬೈಯಲಿಕ್ಕೆ.

ಅವನು ಪೂರ್ತಿ ಬೈಸಿಕೊಂಡು, "ಯಾರಾದ್ರೂ ಚಲೋ ಅಂದ್ರಾ ಮೇಡಂ?" ಎಂದು ಕೇಳಿದ.

"ಅಂದ್ರು. ಕುದ್ರೆ ಚಲೋ ಐತೆ ಅಂದ್ರು. ಅದಕ್ಕೇನೀಗ?"

"ಅದಕ್ಕೆ ಕನ್ನಡ ಬರಲ್ಲ ಮೇಡಂ. ನಮ್ಮನೇಲಿ ಉರ್ದು. ಚಲೋ ಅಂದ್ರೆ ನಡಿ ಅಂತ. ಹನ್ನೊಂದು ವರ್ಷ ಅದೇ ಮಾತಿಗೆ ಮೆರವಣಿಗೆ ಹೊರಡಿಸೀನಿ."

ನಮ್ಮ ಸೀಮೆಯಲ್ಲಿ ದೋಸೆ ಚಲೋ, ಹೆಣ್ಣು ಚಲೋ, ಮಳೆ ಬಂದರೂ ಚಲೋ, ನಿಂತರೂ ಚಲೋ! ಬೆಣ್ಣೆ ಯಾರ ಮಾತನ್ನೂ ಮೀರಿರಲಿಲ್ಲ. ಊರಿನಲ್ಲಿ ಎಲ್ಲರ ಮಾತನ್ನೂ ಕೇಳುತ್ತಿದ್ದುದೇ ಅದೊಂದು!

"ಆದ್ರೆ ಲಗಾಮು ಎಳೆದ್ರೂ ನಿಲ್ಲಲಿಲ್ಲಲ್ಲಪ್ಪ!"

"ಮದುಮಕ್ಳು ಹೆದ್ರಿಕೊಂಡು ಎಳೀತಾನೇ ಇರ್ತಾರಲ್ಲ ಮೇಡಂ. ಅದನ್ನ ಅದು ಲೆಕ್ಕಕ್ಕೇ ತಗಳಲ್ಲ. ನಿಲ್ಲಿಸ್ಬೇಕಂದ್ರೆ ಏನನ್ಬೇಕು ಅಂದ್ರೆ..."

"ನಿಲ್ಲಿಸೋದು ನಂಗ್ಗೊತ್ತು!" ಎಂದು ಫೋನು ಇಟ್ಟೆ. ಇಪ್ಪತ್ತು ವರ್ಷದ ವಿದ್ಯೆಯನ್ನು ನಡುಗುವ ಮದುಮಗನ ಪಕ್ಕಕ್ಕೆ ಕೂರಿಸಿದವನಿಂದ ಪಾಠ ಹೇಳಿಸಿಕೊಳ್ಳುವುದೇ? ಸ್ವಾಭಿಮಾನ ಎಂಬುದೊಂದು ಬೇಡವೇ?

ಶನಿವಾರ ಬೆಣ್ಣೆ ಕಾರ್ಖಾನೆಯ ಪೆಟ್ಟಿಗೆ ಸಾಗಿಸುವ ಗಾಡಿಯಲ್ಲಿ ಹರಿಹರಕ್ಕೆ ದಯಮಾಡಿಸಿತು. ಬಸವಕಿರಣ್ ಕಥೆಯ ಹಾಳೆಗಳ ಕಟ್ಟು ಹೊತ್ತು ಜೊತೆಗೆ ಬಂದರು. ಬೆಣ್ಣೆ ಓಡುತ್ತದೋ ಇಲ್ಲವೋ ನೋಡಲು ಬಂದರು ಎನ್ನುವುದೇ ಸರಿ. ಚಲೋ ವಿಷಯ ಅವರಿಗೆ ಹೇಳಿರಲಿಲ್ಲ. ಫಿರ್ದೌಸ್ ಹೇಳಿದ್ದನ್ನು ಹೇಳಿದರೆ ಅವನು ನನ್ನನ್ನು ಮದುಮಗನಿಗೆ ಹೋಲಿಸಿದ್ದನ್ನೂ ಹೇಳಬೇಕಾಗುತ್ತಿತ್ತು. ಆದರೆ ಮುಖ್ಯೋಪಾಧ್ಯಾಯಿನಿ ಸುಧಾ ಅವರಿಗೆ ಮೊದಲೇ ತಿಳಿಸಿದ್ದೆ. ಅವರು ಮಕ್ಕಳನ್ನು ಮೈದಾನದಲ್ಲಿ ಕೂರಿಸಿ, "ಕಥೆ ಹಿಡಿಸಿದ್ರೆ ಎಲ್ರೂ ಚೆನ್ನಾಗಿದೆ ಅನ್ಬೇಕು. ಆ ಇನ್ನೊಂದು ಮಾತು ಯಾರೂ ಅನ್ನಂಗಿಲ್ಲ," ಎಂದು ಅಪ್ಪಣೆ ಮಾಡಿದ್ದರು. ನಾನು ಒಂದು ಪುಟ ಓದುತ್ತಿದ್ದಂತೆ ಇನ್ನೂರು ಮಕ್ಕಳೂ ವಾರ್ತೆ ಓದುವವರ ಹಾಗೆ "ಚೆನ್ನಾಗಿದೆ" ಎನ್ನುತ್ತಿದ್ದರು. ಬೆಣ್ಣೆ ನಿಂತಲ್ಲೇ ತೂಕಡಿಸುತ್ತಿತ್ತು. ಬಸವಕಿರಣ್ ಮುಖದಲ್ಲಿ ನಿರಾಶೆ ಕಾಣಿಸಿತು.

ಮೂರನೆಯ ಪುಟಕ್ಕೆ ಶಾಲಾ ಸಮಿತಿಯ ಅಧ್ಯಕ್ಷ ಮೈಲಾರಲಿಂಗಪ್ಪನವರು ತಡವಾಗಿ ಬಂದರು. ಬಂದವರೇ ಮೈಕು ಹಿಡಿದರು.

"ಈ ತಾಯಿ ಬಾಳ ಚಲೋ ಬರೀತಾರಂತ ಕೇಳಿದ್ದೆ..."

ಬೆಣ್ಣೆ ಕಣ್ಣು ತೆರೆದು ಹೊರಟಿತು.

"ಓಹೋಹೋ! ಕುದ್ರೆ ಎಷ್ಟು ಚಲೋ ಓಡ್ತೈತೆ ನೋಡ್ರಪ್ಪಾ!"

ಬೆಣ್ಣೆ ವೇಗ ಹೆಚ್ಚಿಸಿತು. ಸುಧಾ ಓಡಿ ಹೋಗಿ ಅಧ್ಯಕ್ಷರ ಕಿವಿಯಲ್ಲಿ, "ಸರ್, ಚಲೋ ಅನ್ಬ್ಯಾಡ್ರಿ!" ಎಂದು ಪಿಸುಗುಟ್ಟಿದರು. ಅಧ್ಯಕ್ಷರ ಕಿವಿಯ ಪಕ್ಕದಲ್ಲೇ ಮೈಕಿತ್ತು. ಆ ಪಿಸುಮಾತು ನಾಲ್ಕೂ ದಿಕ್ಕಿಗೆ ಮೊಳಗಿತು.

"ಯಾಕ್ರಿ ಮೇಡಂ? ಚಲೋ ಇದ್ದಿದ್ದಕ್ಕೆ ಚಲೋ ಅನ್ನದೆ ಇನ್ನೇನನ್ಬೇಕು? ಚಲೋನೇ ಐತೆ!"

ದೊಡ್ಡವರೇ ಅಂದ ಮೇಲೆ ಮಕ್ಕಳಿಗೇನು? ಬೆಳಗಿನಿಂದ ಬಾಯಲ್ಲಿ ತಡೆದಿಟ್ಟಿದ್ದ ಮಾತು ಇನ್ನೂರು ಕಂಠಗಳಿಂದ ಒಮ್ಮೆಲೇ ಹೊರಬಿತ್ತು. "ಚಲೋ! ಚಲೋ! ಚಲೋ!"

ಕಥೆ ಓದುವ ಕಾರ್ಯಕ್ರಮ ಕಥೆ ಓಡುವ ಕಾರ್ಯಕ್ರಮವಾಯಿತು! ಲಗಾಮು ಎಳೆದೆ. "ನಿಲ್ಲು" ಎಂದೆ, "ಹೋ" ಎಂದೆ, ನನ್ನಲ್ಲಿದ್ದ ಉರ್ದುವನ್ನೆಲ್ಲ ಬಳಿದು "ರುಕೋ" ಎಂದೆ. ಇಪ್ಪತ್ತು ವರ್ಷ ಸವಾರಿ ಮಾಡಿದರೂ ಒಮ್ಮೆಗೇ ಇಷ್ಟು ಮಂದಿ ನನ್ನನ್ನು ಹೊಗಳಿರಲಿಲ್ಲ, ಈಗ ಹೊಗಳಿಕೆ ನಿಂತರೆ ಸಾಕಾಗಿತ್ತು! ಗಾಡಿಯ ಪಕ್ಕ ನಿಂತ ಬಸವಕಿರಣ್ ಆಗಲೇ ಅದರ ಹಿಂಬಾಗಿಲು ತೆಗೆಯುತ್ತಿದ್ದುದು ಕಾಣಿಸಿತು. ಬೆಣ್ಣೆಯನ್ನು ನೆಟ್ಟಗೆ ಫಿರ್ದೌಸ್ ಮನೆಗೇ ಒಯ್ಯುತ್ತಾರೆ!

ಆಗ ನನಗೆ ಹೊಳೆದದ್ದು ಒಂದೇ ಉಪಾಯ. ಇದು ತಾನಾಗಿ ಓಡುತ್ತಿಲ್ಲ, ನಾನೇ ಓಡಿಸುತ್ತಿದ್ದೇನೆ, ಇದೂ ಕಾರ್ಯಕ್ರಮದ ಒಂದು ಭಾಗ ಎಂದು ಅವರು ನಂಬಬೇಕು. ಹಾಗಾಗಿ ಗಂಟಲು ಏರಿಸಿ ಕಥೆ ಮುಂದುವರಿಸಿದೆ. ಧ್ವಜಸ್ತಂಭದ ಹತ್ತಿರ ಕಳ್ಳ ಒಳಗೆ ಬಂದ. ನಲ್ಲಿಯ ಹತ್ತಿರ ಬೆಣ್ಣೆ ಎಚ್ಚರವಾಯಿತು. ಅಡುಗೆಕೋಣೆ ದಾಟುವಾಗ ಕಳ್ಳ ಸಿಕ್ಕಿಬಿದ್ದ. ಯಾವ ಸಾಲಿನ ಮಕ್ಕಳಿಗೂ ಪೂರ್ತಿ ಕಥೆ ಸಿಗಲಿಲ್ಲ. ಏಳನೆಯ ಸುತ್ತಿನಲ್ಲಿ ನಾನು ಒಂಬತ್ತನೆಯ ಪುಟದಲ್ಲಿದ್ದೆ. ಇನ್ನೂ ಮೂರು ಪುಟ ಇತ್ತು.

ಮುಂದಿನ ಸಾಲಿನಿಂದ ಎರಡು ಜಡೆಯ ಪುಟ್ಟ ಹುಡುಗಿಯೊಂದು ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ಕಿರುಚಿತು. "ಬಸ್ ರೀ ಮಿಸ್! ಬಸ್! ಸಾಕಾಯ್ತು ನಿಮ್ ಕಥೆ!"

ಬೆಣ್ಣೆ ನಿಂತಿತು. ಮೊಳೆ ಹೊಡೆದ ಹಾಗೆ ನಿಂತಿತು!

ನಾನು ನಿಲ್ಲಲಿಲ್ಲ. ಅದರ ಕುತ್ತಿಗೆಯ ಮೇಲಿಂದ ಹಾರಿ, ಬಿಸಿಯೂಟಕ್ಕೆಂದು ತೊಳೆದು ಹರಡಿದ್ದ ಮೆಂತ್ಯ ಸೊಪ್ಪಿನ ರಾಶಿಯಲ್ಲಿ ಇಳಿದೆ. ತಲೆಗೆ ಹೆಲ್ಮೆಟ್ ಇತ್ತು, ಮಾನಕ್ಕೆ ಇರಲಿಲ್ಲ. ಮಕ್ಕಳು ಈ ಸಲ ಮನಸಾರೆ ಚಪ್ಪಾಳೆ ತಟ್ಟಿದರು.

ಬಸವಕಿರಣ್ ಓಡಿ ಬಂದರು. ಕೈಕಾಲು ನೆಟ್ಟಗಿವೆಯೆಂದು ನೋಡಿಕೊಂಡ ಮೇಲೆ ಬೆಣ್ಣೆಯ ಕಡೆ ತಿರುಗಿದರು. ನಾನು ಸೊಪ್ಪಿನಲ್ಲಿ ಕುಳಿತೇ ಅವರ ಕೈ ಹಿಡಿದೆ. ಕಣ್ಣಲ್ಲಿ ನೀರು ಬಂದಿತ್ತು. "ಕಳಿಸ್ಬ್ಯಾಡ್ರಿ. ಅದರದ್ದೇನೂ ತಪ್ಪಿಲ್ಲ. ನಂದೇ ತಪ್ಪು."

ಅವರು ಹಗ್ಗ ಹಿಡಿದು ಮೆಲ್ಲಗೆ "ಚಲೋ" ಎಂದರು. ಬೆಣ್ಣೆ ನಡೆಯಿತು. "ಬಸ್" ಎಂದರು. ನಿಂತಿತು. ಇನ್ನೊಮ್ಮೆ ಚಲೋ, ಇನ್ನೊಮ್ಮೆ ಬಸ್. ಅವರ ಮುಖದ ಮೇಲೆ ಆಗ ಕಂಡ ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

"ಇದನ್ನ ಯಾಕ ಕಳಿಸ್ಲಿ? ಇದೆಲ್ಲಿ ತಾನಾಗಿ ಓಡೈತೆ?" ಎಂದರು ಬೆಣ್ಣೆಯ ಜುಟ್ಟು ಸವರುತ್ತಾ. "ಹದಿನಾರು ವರ್ಷದಿಂದ ಮನೇಲಿ ಬಸ್ ಬಸ್ ಅಂತಾನೇ ಇದೀನಿ. ಅಂದ ಕೂಡ್ಲೇ ನಿಲ್ಲೋದು ಒಂದಾದ್ರೂ ಸಿಕ್ತಲ್ಲ!"