ಅಡುಗೆಕೋಣೆಯ ಗೋಡೆಗೊಂದು ಬಜೆಟ್

ಬೇರೆಯವರ ಮನೆಯಲ್ಲಿ ರಿಪೇರಿ ಅಂದ್ರೆ ರಿಪೇರಿ ಮಾತ್ರ. ನಮ್ಮಲ್ಲಿ ಹಾಗಲ್ಲ, ನಾನು ಪೆನ್ಸಿಲ್ ಹಿಡಿದು ಖರ್ಚು ಅಂದಾಜು ಮಾಡ್ಲಿಕ್ಕೆ ಕೂತರೆ ಸಾಕು, ಏನಾದರೊಂದು ಆಗಿಯೇ ಆಗ್ತದೆ. ನಾನು ಬಜಪೆಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಅಂಗಡಿಯಲ್ಲಿ ಕೆಲಸಕ್ಕಿರುವವ. ಊರವರನ್ನೆಲ್ಲ ದುಬೈ, ಮಸ್ಕತ್ ಅಂತ ಕಳಿಸಿ ಕಳಿಸಿ, ಕೂತಲ್ಲೇ ಕನಸು ಕಾಣುವ ಚಟ ಹತ್ತಿಬಿಟ್ಟಿದೆ. ಹಾಗಾಗಿ ನನ್ನ ಲೆಕ್ಕಗಳೂ ಸ್ವಲ್ಪ ನೆಲ ಬಿಟ್ಟೇ ಇರ್ತವೆ.

ಮೇಸ್ತ್ರಿಯ ಧ್ಯಾನ

ಕೂಳೂರಿನಲ್ಲಿ ನಮ್ಮದು ಹಳೇ ಹಂಚಿನ ಮನೆ. ಹೊಳೆಯ ಬದಿಗಿರುವ ಅಡುಗೆಕೋಣೆಯ ಗೋಡೆ ಕೆಂಪು ಕಲ್ಲಿನದ್ದು. ಅದು ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಮಳೆಗಾಲಕ್ಕೆ ಮೊದಲು ಕೆಡವಿ ಕಟ್ಟಲೇಬೇಕಿತ್ತು.

"ಹೇಗೂ ಕಟ್ಟಿಸ್ತೀರಿ, ಒಂದು ಕಿಟಕಿ ಇಡ್ಸಿ," ಅಂದಳು ಹೆಂಡತಿ. ಅವಳು ಮೀನುಗಾರರ ಮನೆಯವಳು. "ಅಮ್ಮನ ಮನೆಯಲ್ಲಿ ಒಲೆ ಎದುರು ನಿಂತ್ರೆ ದೋಣಿ ಕಾಣ್ತಿತ್ತು. ಇಲ್ಲಿ ಹತ್ತೊಂಬತ್ತು ವರ್ಷದಿಂದ ಹೊಳೆ ಗೋಡೆಯ ಹಿಂದೆಯೇ ಉಂಟು, ನನಗೆ ಕಾಣೋದು ಮಸಿ ಮಾತ್ರ."

ನನಗೆ ಪಾಪ ಅನಿಸಿತು. ಪುಸ್ತಕದ ಮೊದಲನೇ ಸಾಲಿನಲ್ಲೇ ‘ಕಿಟಕಿ, ನಾಲ್ಕಡಿ ಮೂರಡಿ’ ಅಂತ ಬರೆದೆ. ಬರೆಯುವಾಗಲೇ ಹೊಳೆಯ ಗಾಳಿ ಬಂದು ಹಾಳೆ ಮಗುಚಿದ ಹಾಗಾಯ್ತು. ಆಮೇಲೆ ನೋಡಿದರೆ ಫ್ಯಾನು.

ಮೇಸ್ತ್ರಿ ಬಂದರು. ವಯಸ್ಸಾದವರು, ನಿಧಾನ. ಬಿರುಕಿನ ಎದುರು ಕುಕ್ಕರಗಾಲಲ್ಲಿ ಕೂತರು. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಕಣ್ಣು ಅರ್ಧ ಮುಚ್ಚಿತ್ತು. ಕಲ್ಲೆಷ್ಟು, ಸಿಮೆಂಟೆಷ್ಟು ಅಂತ ಮನಸ್ಸಲ್ಲೇ ಗುಣಿಸ್ತಿದ್ದಾರೆ ಅಂದುಕೊಂಡು ನಾನು ಉಸಿರು ಬಿಗಿಹಿಡಿದು ಪೆನ್ಸಿಲ್ ಎತ್ತಿಕೊಂಡೆ.

"ಎಷ್ಟಾಗ್ಬಹುದು ಮೇಸ್ತ್ರಿ?"

ಅವರು ಮೆಲ್ಲ ಕಣ್ಣು ಬಿಟ್ಟು ಹೇಳಿದರು: "ಬಿರುಕಿನಿಂದ ಒಳ್ಳೆ ಗಾಳಿ ಬರ್ತದೆ ಸಾರ್. ಒಂದು ನಿದ್ದೆ ಆಯ್ತು."

ಕಾಣದ ಖರ್ಚು

ಮಸ್ಕತ್‌ನಲ್ಲಿ ಕಟ್ಟಡದ ಕೆಲಸ ನೋಡಿಕೊಳ್ಳುವ ಭಾವ, ಅಂದರೆ ನನ್ನ ಅಕ್ಕನ ಗಂಡ, ವಿಡಿಯೋ ಕಾಲಿನಲ್ಲಿ ಗೋಡೆ ನೋಡಿದರು. "ಎಪ್ಪತ್ತು ಸಾವಿರ ಅಂತ ಬರ್ದಿದ್ದೀಯಲ್ಲ, ಅದರ ಮೇಲೆ ಇಪ್ಪತ್ತು ಪರ್ಸೆಂಟ್ ಕಾಣದ ಖರ್ಚು ಅಂತ ಹಾಕು ಮಾರಾಯ. ಇಲ್ಲಿ ಎಲ್ಲ ಹಾಗೇ."

ಹಾಕಿದೆ. ಹದಿನಾಲ್ಕು ಸಾವಿರ. ಒಟ್ಟು ಮೊತ್ತ ನನ್ನ ಕೈಮೀರಿತು. ಎಲ್ಲಿ ಕಡಿಮೆ ಮಾಡೋದು? ಕಲ್ಲು ಬೇಕು, ಸಿಮೆಂಟ್ ಬೇಕು, ಹೊಯ್ಗೆ ಬೇಕು. ಮೊದಲ ಸಾಲಿನ ಕಿಟಕಿಗೆ ಗೀಟು ಎಳೆದು ಎದುರಿಗೆ ಸೊನ್ನೆ ಹಾಕಿದೆ. ಹೆಂಡತಿಗೆ ಕಾಣದ ಹಾಗೆ ಪುಸ್ತಕ ಮುಚ್ಚಿಟ್ಟೆ, ಸುಳ್ಳು ಯಾಕೆ ಹೇಳಲಿ.

ಹೆಂಡತಿ ಪುಸ್ತಕ ನೋಡಿದಳು. "ಇದೆಂತ, ಕಾಣದ ಖರ್ಚು?"

"ಈಗ ಕಾಣೋದಿಲ್ಲ. ಮುಂದೆ ಬರ್ಬಹುದು."

"ಕಾಣದ್ದಕ್ಕೆ ಹದಿನಾಲ್ಕು ಸಾವಿರ ಉಂಟು. ನಾನು ದಿನಾ ಕಣ್ಣೆದುರು ಕಾಣ್ಬೇಕು ಅಂತ ಕೇಳಿದ್ದಕ್ಕೆ ಗೀಟು!"

ಬೂತಾಯಿ ಗಸಿ

ಮೂರೇ ದಿನದ ಕೆಲಸ ಅಂತ ಮೇಸ್ತ್ರಿ ಹೇಳಿದ್ದರು. ಗುತ್ತಿಗೆ ಕೊಟ್ಟರೆ ಜಾಸ್ತಿ ಕೇಳ್ತಾರೆ, ದಿನಗೂಲಿಯೇ ಲಾಭ ಅಂತ ನಾನು ಬುದ್ಧಿ ಓಡಿಸಿದೆ. ನಮ್ಮಲ್ಲಿ ಕೆಲಸದವರಿಗೆ ಮಧ್ಯಾಹ್ನ ಊಟ ಮನೆಯಿಂದಲೇ ಹಾಕುವ ಕ್ರಮ. ಹೆಂಡತಿ ಬೂತಾಯಿ ಮೀನಿಗೆ ತೆಂಗಿನಕಾಯಿ ಅರೆದು ದಪ್ಪ ಗಸಿ ಮಾಡಿದಳು. ಮೇಸ್ತ್ರಿಯೂ ಅವರ ಜೊತೆಯ ಇಬ್ಬರೂ ಮೂರು ಮೂರು ಸಲ ಅನ್ನ ಹಾಕಿಸಿಕೊಂಡರು. ಆಮೇಲೆ ಕೆಂಪು ಧೂಳಿನ ಮೇಲೆ ಟವಲ್ ಹಾಸಿ ಮಲಗಿದರು. ಎಬ್ಬಿಸಲು ಹೋದ ನಾನೂ ಗೋಡೆ ಇಲ್ಲದ ಅಡುಗೆಕೋಣೆಯಿಂದ ಹೊಳೆ ನೋಡ್ತಾ ನೋಡ್ತಾ ಅಲ್ಲೇ ತೂಕಡಿಸಿದೆ.

ಮೂರನೇ ದಿನಕ್ಕೆ ಗೋಡೆ ಮೊಣಕಾಲಿನವರೆಗೆ ಬಂತು. ಆರನೇ ದಿನಕ್ಕೆ ಸೊಂಟಕ್ಕೆ. "ಮಾರಾಯ್ತಿ, ನಿನ್ನ ಕೈರುಚಿಯಿಂದ ನಾನು ಮುಳುಗ್ತೇನೆ. ನಾಳೆ ಬರೀ ತಿಳಿಸಾರು ಮಾಡು," ಅಂದೆ.

ಮಾಡಿದಳು. ಮರುದಿನ ಒಬ್ಬರೂ ಬರಲಿಲ್ಲ. ಫೋನ್ ಮಾಡಿದರೆ ಮೇಸ್ತ್ರಿ ಕುಲಶೇಖರದ ಇನ್ನೊಂದು ಮನೆಯಲ್ಲಿದ್ದರು. "ಇಲ್ಲೊಂದು ಅರ್ಜೆಂಟ್ ಕೆಲಸ ಸಾರ್."

"ಎಂತ ಅರ್ಜೆಂಟ್?"

"ಕೋಳಿ ಸುಕ್ಕ."

ಹದಿನೈದು ಕಲ್ಲು

ಮತ್ತೆ ಮೀನು ಬಂತು, ಮೇಸ್ತ್ರಿಯೂ ಬಂದರು. ಅವರು ಗೋಡೆಯ ಎರಡು ಬದಿಯನ್ನು ಮೇಲೆ ಏರಿಸಿ, ಅಡ್ಡಕ್ಕೆ ಒಂದು ಕಾಂಕ್ರೀಟ್ ಪಟ್ಟಿ ಕೂರಿಸಿ, ಅದರ ಮೇಲೂ ಕಲ್ಲಿಟ್ಟು ಹಂಚಿನ ಮಾಡಿಗೆ ಮುಟ್ಟಿಸಿದರು. ನಡುವೆ ಮಾತ್ರ ಖಾಲಿ ಬಿಟ್ಟಿದ್ದರು.

"ಇದೆಂತಕ್ಕೆ ತೂತು? ಕಿಟಕಿ ಇಲ್ಲ ಅಂದಿದ್ದೆನಲ್ಲ?"

"ಕಡೇಗೆ ತುಂಬಿಸುವ ಸಾರ್. ಅಷ್ಟರವರೆಗೆ ನಮಗೆ ಗಾಳಿ ಬರ್ಲಿ."

ನನಗೆ ಗೊತ್ತಿರೋದು ವಿಮಾನದ ಕಿಟಕಿ ಸೀಟು ಮಾತ್ರ. ಇರಬಹುದು ಅಂತ ಸುಮ್ಮನಾದೆ. ಕೊನೆಯ ದಿನ ಸಂಜೆ ಅಂಗಳಕ್ಕೆ ಬಂದರೆ ಕಲ್ಲಿನ ರಾಶಿಯೇ ಇಲ್ಲ. ಇಡೀ ಗೋಡೆಗೆ ಅಂತ ಎಣಿಸಿ ತರಿಸಿದ್ದ ಕಲ್ಲು! ತೂತು ಹಾಗೇ ಉಂಟು.

"ಹದಿನೈದು ಕಲ್ಲು ಕಮ್ಮಿ ಬಿತ್ತು," ಅಂದರು ಮೇಸ್ತ್ರಿ.

ಕಲ್ಲಿನ ಲಾರಿಯವನಿಗೆ ಫೋನ್ ಮಾಡಿದೆ. ಅವನು ನಕ್ಕ. "ಹದಿನೈದು ಕಲ್ಲಿಗೆ ಲಾರಿ ಬರ್ತದಾ ಅಣ್ಣ? ತಗೊಂಡ್ರೆ ಒಂದು ಲೋಡು." ಒಂದು ಲೋಡಿನ ದುಡ್ಡು ನನ್ನಲ್ಲಿಲ್ಲ. ಕಾಣದ ಖರ್ಚಿನ ಹದಿನಾಲ್ಕು ಸಾವಿರವನ್ನು ಮೀನು ತಿಂದಾಗಿತ್ತು. ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂತೆ.

ಆಗ ಹೆಂಡತಿ ಚಾ ತಂದಳು. "ಆ ಕಲ್ಲು ನಾನು ಪಕ್ಕದ ಮನೆಯ ಬಾಯಮ್ಮನಿಗೆ ಕೊಟ್ಟೆ. ಅವರ ಬಾವಿಕಟ್ಟೆ ಕುಸಿದಿತ್ತು."

"ಕೊಟ್ಟೆಯಾ! ವಾಪಸ್ ತಾ!"

"ಸಿಮೆಂಟ್ ಹಾಕಿ ಕಟ್ಟಿಯಾಯ್ತು. ಮೇಸ್ತ್ರಿಯೇ ಕಟ್ಟಿದ್ದು, ನಿಮ್ಮ ದಿನಗೂಲಿಯಲ್ಲೇ."

ಮೇಸ್ತ್ರಿ ತುಂಬಾ ಗಮನವಿಟ್ಟು ಆಕಾಶ ನೋಡಿದರು.

"ಕೊಡೋದಾದ್ರೆ ಸರಿಯಾಗಿ ಹದಿನೈದೇ ಯಾಕೆ?" ಅಂದೆ.

"ನಾಲ್ಕಡಿ ಮೂರಡಿ ಕಿಟಕಿಗೆ ಹದಿನೈದು ಕಲ್ಲಿನ ಜಾಗ ಬೇಕಂತೆ," ಅಂದಳು ತಣ್ಣಗೆ. "ಬದಲಿಗೆ ಬಾಯಮ್ಮ ಅವರ ಹಳೇ ಮನೆಯ ಹಲಸಿನ ಮರದ ಕಿಟಕಿ ಕೊಟ್ರು. ಅವರ ಕೊಟ್ಟಿಗೆಯಲ್ಲಿ ಸುಮ್ನೆ ಬಿದ್ದಿತ್ತು."

ಕಿಟಕಿ ಬಂತು, ಕೂತಿತು. ಹೆಂಡತಿ ಅದರ ಬಾಗಿಲು ತೆರೆದಳು. ಹೊಳೆ ಪೂರ್ತಿ ಒಳಗೆ ಬಂದ ಹಾಗಾಯ್ತು. ಬಿಸಿಲಿಳಿದ ನೀರು, ಒಂದು ಸಣ್ಣ ದೋಣಿ, ಅದರಲ್ಲಿ ಬಲೆ ಮಡಚುವ ಮನುಷ್ಯ. ಅವಳು ಒಲೆಯ ಎದುರು ನಿಂತು ನೋಡಿದಳು. ಹತ್ತೊಂಬತ್ತು ವರ್ಷ ಇದನ್ನು ತಪ್ಪಿಸಿದೆನಲ್ಲ ಅಂತ ನನಗೆ ನಾಚಿಕೆಯಾಯ್ತು, ಖುಷಿಯೂ ಆಯ್ತು.

ಮೇಸ್ತ್ರಿ ಕೈ ತೊಳೆದುಕೊಂಡು ಬಂದು ನನ್ನ ಪುಸ್ತಕಕ್ಕೆ ಇಣುಕಿದರು. "ಕಿಟಕಿಗೆ ಕಡೇಗೆ ಎಷ್ಟು ಬರ್ದಿದ್ರಿ ಸಾರ್?"

"ಗೀಟು ಎಳ್ದು ಸೊನ್ನೆ ಹಾಕಿದ್ದೆ."

"ಹಾಗಾದ್ರೆ ಬೇಜಾರು ಮಾಡ್ಬೇಡಿ," ಅಂದರು. "ಇಡೀ ಬಜೆಟ್‌ನಲ್ಲಿ ನೀವು ಬರ್ದ ಹಾಗೇ ಆದದ್ದು ಅದೊಂದೇ."