ನನ್ನ ಭಾಷೆಯ ತೊಂದರೆಯ ಕುರಿತು

ಇಂದ:
ತಬಸ್ಸುಮ ನಬಿಸಾಬ ನದಾಫ,
ಅಂತಿಮ ವರ್ಷದ ವೈದ್ಯಕೀಯ ವಿದ್ಯಾರ್ಥಿನಿ, ಗೋಕಾಕ.

ಗೆ:
ಅಧ್ಯಕ್ಷರು, ಪ್ರಾಯೋಗಿಕ ಪರೀಕ್ಷಾ ಮಂಡಳಿ.

ವಿಷಯ: ನನಗೆ ಕನ್ನಡ ಬರುವುದಿಲ್ಲವೆಂದು ನನಗೆ ಕನ್ನಡದಲ್ಲಿ ತಿಳಿಸಿದ್ದರ ಬಗ್ಗೆ.

ಉಲ್ಲೇಖ: ಪರೀಕ್ಷಕರ ಷರಾ: "ಸಮುದಾಯದ ಹಿನ್ನೆಲೆಯಿಂದಾಗಿ ಭಾಷೆಯ ತೊಂದರೆ. ರೋಗಿಯೊಂದಿಗೆ ಸಂವಹನ: ಅನುತ್ತೀರ್ಣ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನಗೆ ಬಾರದ ಭಾಷೆಯಲ್ಲಿ ತಮ್ಮ ಗಮನಕ್ಕೆ ತರುವುದೇನೆಂದರೆ:

1. ಪರೀಕ್ಷೆಯ ದಿನ ನನ್ನ ಪಾಲಿಗೆ ಬಂದ ರೋಗಿ ತುಕ್ಕಾನಟ್ಟಿಯ ಭರಮವ್ವ. ನಾನು ಹಾಸಿಗೆಯ ಬಳಿ ಹೋಗುವ ಮೊದಲೇ, ದೂರದ ಜಿಲ್ಲೆಯಿಂದ ಬಂದಿದ್ದ ಪರೀಕ್ಷಕರು ನನ್ನ ಹೆಸರು ಓದಿ, "ನೀವು ಉರ್ದುನವರು. ಹಳ್ಳಿ ಹೆಂಗಸಿನ ಹತ್ತಿರ ಹೇಗಮ್ಮ ಮಾತಾಡ್ತೀರಾ?" ಎಂದರು. ನಾನಿನ್ನೂ ಬಾಯಿ ತೆರೆದಿರದ ಕಾರಣ, ಈ ರೋಗನಿರ್ಣಯವನ್ನು ಯಾವುದೇ ತಪಾಸಣೆ ಇಲ್ಲದೆ ಮಾಡಲಾಗಿದೆ.

2. "ಆಯಿ, ಏನ್ ತ್ರಾಸ ಆಗಾಕತ್ತೈತ್ರಿ?" ಎಂದು ಕೇಳಿದೆ. ಭರಮವ್ವ ನನ್ನ ಕೈ ಹಿಡಿದು, "ಏನ್ ಹೇಳ್ಲಿ ತಂಗಿ, ಕೊಡಾ ಹೊತ್ತು ನಾಕ್ ಹೆಜ್ಜಿ ಬಂದ್ರ ದಮ್ ಹತ್ತತೈತಿ. ಅಡ್ಡಾದ್ರ ಉಸರ ಹಿಡದಂಗ ಆಗಿ ಎದ್ದ ಕುಂಡರತೀನಿ" ಎಂದರು. ಪರೀಕ್ಷಕರು ನನ್ನತ್ತ ತಿರುಗಿ, "ಏನಂತೆ?" ಎಂದರು. ಅವರ ಕನ್ನಡದಲ್ಲಿ ಹೇಳಿದೆ. ಅವರು ಏನೋ ಕೇಳಿದರು. ಭರಮವ್ವನಿಗೆ ತಿಳಿಯದೆ, "ಸಾಹೇಬ್ರು ಏನಂತಾರ?" ಎಂದು ಅವರೂ ನನ್ನನ್ನೇ ಕೇಳಿದರು. ಕೊನೆಯವರೆಗೂ ಇಬ್ಬರ ನಡುವೆ ನಾನೇ ದುಭಾಷಿ. ಆದ್ದರಿಂದ ಆ ಹಾಸಿಗೆಯ ಬಳಿ ಭಾಷೆಯ ತೊಂದರೆ ಇದ್ದದ್ದು ಖರೆ. ಯಾರಿಗೆ ಎಂಬಲ್ಲಿ ಮಾತ್ರ ಷರಾ ಹಾದಿ ತಪ್ಪಿದೆ.

3. ಎದೆಬಡಿತ ಆಲಿಸಿ, ಹೃದಯದ ಕವಾಟ ಕಿರಿದಾಗಿದೆ ಎಂದೆ. ಪರೀಕ್ಷಕರು ಸರಿಯೆಂದು ತಲೆಯಾಡಿಸಿದರು. ನನ್ನ ನಂತರ ಬಂದ ಸಹಪಾಠಿ ಸುಶಾಂತ ಭರಮವ್ವನನ್ನು ಇಂಗ್ಲಿಷಿನಲ್ಲಿ ವಿಚಾರಿಸಿದ. ಕವಾಟದ ಸದ್ದೂ ಅವನಿಗೆ ಸಿಗಲಿಲ್ಲ. ಪರೀಕ್ಷಕರು, "ಹುಡುಗ ಗಾಬರಿಯಾಗಿದ್ದಾನೆ, ನೀರು ಕೊಡಿ" ಎಂದರು. ಅವನು ಉತ್ತೀರ್ಣ. ಒಳ್ಳೆಯ ಹುಡುಗ, ಅವನ ಮೇಲೆ ನನ್ನ ದೂರಿಲ್ಲ. ಆದರೆ ಅವನು ಮಾಡಿದ ತಪ್ಪು ಅವನೊಬ್ಬನದು, ನಾನು ಮಾಡದ ತಪ್ಪು ನನ್ನ ಇಡೀ ಜಮಾತಿನದು.

4. ನಮ್ಮ ಮನೆಯಲ್ಲಿ ಉರ್ದು ಆಡುತ್ತೇವೆ. ಜಗಳ ಮಾತ್ರ ಕನ್ನಡದಲ್ಲಿ, ಓಣಿಯವರಿಗೂ ನ್ಯಾಯ ತಿಳಿಯಬೇಕಾದ ಕಾರಣ. ತಂದೆ ಗಾದಿ ಹೊಲಿಯುತ್ತಾರೆ. ತುಕ್ಕಾನಟ್ಟಿಯ ಅರ್ಧ ಊರು ಮಲಗುವುದು ಅವರ ಗಾದಿಗಳ ಮೇಲೆ. ಫಲಿತಾಂಶ ತಿಳಿದಾಗ ಅಂಗಡಿಯಲ್ಲಿ ಗಿರಾಕಿಗಳೆದುರು, "ಹೋಗ್ಲಿ ಬಿಡವ್ವಾ, ಮುಂದಿನ ಸಲ ಹೆಸರ ಸಣ್ಣದಾಗಿ ಬರಿ" ಎಂದು ನಕ್ಕರು. ಆಮೇಲೆ ಬಹಳ ಹೊತ್ತು ಸೂಜಿಗೆ ದಾರ ಏರಿಸಲು ಅವರಿಂದಾಗಲಿಲ್ಲ. ನನಗೆ ವಿಪರೀತ ಸಿಟ್ಟು ಬಂದಿದೆ. ಅರ್ಜಿಯಲ್ಲಿ ಸಿಟ್ಟಿಗೆ ಬೇರೆ ಕಲಂ ಇಲ್ಲದ ಕಾರಣ ಇಲ್ಲಿಯೇ ನಮೂದಿಸಿದ್ದೇನೆ.

ಜೊತೆಯವರೆಲ್ಲ ಇಂಟರ್ನ್‌ಶಿಪ್ ಆರಂಭಿಸಿದ್ದಾರೆ, ನಾನು ಮರುಪರೀಕ್ಷೆಗೆ ಕಾಯುತ್ತಿದ್ದೇನೆ. ಆದ್ದರಿಂದ ಸದರಿ ಷರಾವನ್ನು ರದ್ದುಪಡಿಸಿ ನನ್ನನ್ನು ಉತ್ತೀರ್ಣಳೆಂದು ಘೋಷಿಸಬೇಕಾಗಿ ಕೋರುತ್ತೇನೆ.

ತಮ್ಮಲ್ಲಿ ಇನ್ನೂ ಸ್ವಲ್ಪ ವಿಶ್ವಾಸ ಉಳಿಸಿಕೊಂಡಿರುವ,
ತಬಸ್ಸುಮ

ಲಗತ್ತುಗಳು:
ಅ) ಷರಾದ ಪ್ರತಿ.
ಆ) ಭರಮವ್ವನ ಹೇಳಿಕೆ, ಹೆಬ್ಬೆಟ್ಟಿನೊಂದಿಗೆ: "ಆ ಹುಡಿಗಿ ಇರಲಿಲ್ಲಂದ್ರ ನಾ ಗ್ವಾಡಿ ಮುಂದ ಮಾತಾಡಿದಂಗ ಆಗ್ತಿತ್ರಿ."
ಇ) ಸದರಿ ಹೇಳಿಕೆಯ ಅನುವಾದ, ಪರೀಕ್ಷಕರ ಅನುಕೂಲಕ್ಕಾಗಿ.

ವಿ.ಸೂ.: ಷರಾ ರದ್ದಾಗದೆ, ಮರುಪರೀಕ್ಷೆಗೆ ಅದೇ ಪರೀಕ್ಷಕರು ಬರುವುದಾದರೆ, ಅವರಿಗೊಬ್ಬ ದುಭಾಷಿಯನ್ನು ಮೊದಲೇ ಗೊತ್ತುಮಾಡಬೇಕಾಗಿ ವಿನಂತಿ. ಅಂದು ನನಗೆ ಬಿಡುವಿರುವುದಿಲ್ಲ, ಪರೀಕ್ಷೆ ಇರುತ್ತದೆ.