ಮುಖ್ಯ ಸ್ವಿಚ್ಚಿನ ಬೀಗ ಮತ್ತು ಬೋಧಕರ ಮಗಳ ಹೆರಿಗೆ ಕುರಿತು

ಕಾರ್ಖಾನೆ ವೈರಿಂಗ್ ತರಬೇತಿ ಕೇಂದ್ರ
ನಿರ್ದೇಶಕರ ಕಚೇರಿ

ಸಂಖ್ಯೆ: ಕಾವೈತ/ಬೀಗ/06/ಕತ್ತಲೆ
ದಿನಾಂಕ: ಕರೆಂಟಿಲ್ಲದ ಆರನೆಯ ದಿನ, ಗುರುವಾರ

ಸುತ್ತೋಲೆ

ವಿಷಯ: ಬೀಗ ತೆರೆಯುವವರೆಗೆ ವಿದ್ಯುತ್ತಿಲ್ಲದೆ ವಿದ್ಯುತ್ ಪಾಠ ಮುಂದುವರಿಸುವ ಬಗ್ಗೆ.

ಉಲ್ಲೇಖ: 1) ಹಿರಿಯ ಬೋಧಕರ ರಜೆ ಅರ್ಜಿ. 2) ಅವರೊಡನೆ ನಡೆದ ದೂರವಾಣಿ ಮಾತುಕತೆ. 3) ಗುಮಾಸ್ತರು ಬೀಗಕ್ಕೆ ಬೈದ ಬಗ್ಗೆ ಬಂದ ಮೂರು ದೂರುಗಳು.

ಯಂತ್ರದೊಳಗೆ ಕೈ ಹಾಕುವ ಮುನ್ನ ಮುಖ್ಯ ಸ್ವಿಚ್ ಆಫ್ ಮಾಡಿ ಸ್ವಂತ ಬೀಗ ಹಾಕಬೇಕು, ಹಾಕಿದವರೇ ತೆಗೆಯಬೇಕು ಎಂಬ ಪಾಠವನ್ನು ಹಿರಿಯ ಬೋಧಕರು ಕಳೆದ ಶನಿವಾರ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿಯೇ ತೋರಿಸಿದ್ದು, ಅಷ್ಟರಲ್ಲಿ ಮಗಳನ್ನು ಹೆರಿಗೆಗೆ ಸೇರಿಸಿದ ಸುದ್ದಿ ಬಂದ ಕಾರಣ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಮಗಳ ಊರಿಗೆ ತೆರಳಿರುತ್ತಾರೆ. ವೈದ್ಯರು ಆರು ದಿನದಿಂದ "ಇವತ್ತೋ ನಾಳೆಯೋ" ಎನ್ನುತ್ತಿದ್ದಾರೆ. ಮಗು ಹುಟ್ಟಿಲ್ಲ. ಕರೆಂಟೂ ಇಲ್ಲ. ಸೋಮವಾರ ಅಂತಿಮ ಪ್ರಾಯೋಗಿಕ ಪರೀಕ್ಷೆಯಿದ್ದು, ಅದು ತಪ್ಪಿದಲ್ಲಿ ಇಪ್ಪತ್ತೊಂದು ಮಂದಿ ಅಭ್ಯರ್ಥಿಗಳಿಗೆ ಕಾದಿಟ್ಟಿರುವ ಕಾರ್ಖಾನೆ ಕೆಲಸ ಕೈತಪ್ಪುವ ಸಂಭವವಿದೆ.

ಬೀಗದ ಕೈಯನ್ನು ಯಾರ ಮೂಲಕವಾದರೂ ಕಳಿಸುವಂತೆ ಕೋರಲಾಗಿ, ಬೋಧಕರು "ಬೀಗ ಹಾಕಿದವನೇ ತೆಗೀಬೇಕು ಅಂತ ಇಪ್ಪತ್ತು ವರ್ಷದಿಂದ ಬಾಯಿ ನೋಯೋ ಹಾಗೆ ಹೇಳ್ತಿದೀನಿ. ಈಗ ನಾನೇ ಕಳಿಸಿದ್ರೆ ನಾಳೆ ಯಾರ್ ಸಾರ್ ನನ್ನ ಮಾತು ಕೇಳ್ತಾರೆ?" ಎಂದಿರುತ್ತಾರೆ. ಸದರಿ ನಿಯಮಕ್ಕೆ ಪರೀಕ್ಷೆಯಲ್ಲಿ ಹತ್ತು ಅಂಕಗಳಿರುವುದರಿಂದ ಕಚೇರಿಯು ಕೋರಿಕೆಯನ್ನು ಹಿಂಪಡೆದಿದೆ.

ಆದ್ದರಿಂದ ಮಗು ಹುಟ್ಟಿ, ಅಜ್ಜ ಹಿಂದಿರುಗುವವರೆಗೆ ಎಲ್ಲರೂ ಕೆಳಕಂಡಂತೆ ನಡೆದುಕೊಳ್ಳಲು ಈ ಮೂಲಕ ಸೂಚಿಸಲಾಗಿದೆ:

1. ಎಲ್ಲ ಫ್ಯಾನುಗಳೂ ತಿರುಗುತ್ತಿವೆ ಎಂದು ಪರಿಗಣಿಸತಕ್ಕದ್ದು. ರೆಗ್ಯುಲೇಟರನ್ನು ಐದರಲ್ಲಿಟ್ಟು ನೆಗಡಿಯಾಯಿತೆಂದು ರಜೆ ಕೇಳಿದಲ್ಲಿ ಮಂಜೂರು ಮಾಡಲಾಗುವುದಿಲ್ಲ.

2. ಮೂರು ಫೇಸಿನ ಮೋಟಾರಿನ ಪಾಠ ನಿಲ್ಲತಕ್ಕದ್ದಲ್ಲ. ಮೂರು ಫೇಸುಗಳ ತಂತಿಗಳ ಬದಲಿಗೆ ಕೆಂಪು, ಹಳದಿ, ನೀಲಿ ಅಂಗಿಯ ಮೂವರು ಅಭ್ಯರ್ಥಿಗಳು ಸಮಾನ ಅಂತರ ಕಾಯ್ದುಕೊಂಡು ಮೋಟಾರಿನ ಸುತ್ತ ಓಡತಕ್ಕದ್ದು. ಇಬ್ಬರು ಜಾಗ ಬದಲಿಸಿದಲ್ಲಿ ಮೋಟಾರಿನಂತೆಯೇ ಮೂವರೂ ವಿರುದ್ಧ ದಿಕ್ಕಿಗೆ ಓಡತಕ್ಕದ್ದು. ಒಬ್ಬರು ನೀರು ಕುಡಿಯಲು ಹೋದಲ್ಲಿ ಒಂದು ಫೇಸ್ ತಪ್ಪಿ ಮೋಟಾರು ಸುಟ್ಟುಹೋಯಿತೆಂದು ದಾಖಲಿಸಿ, ಹೋದವರಿಂದ ವಿವರಣೆ ಪಡೆಯತಕ್ಕದ್ದು.

(ಅ) ಅರ್ಥಿಂಗ್ ಆಗಿ, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿಯಾಗಿ, ನೇಮಕಗೊಂಡವರು ನೆಲದ ಮೇಲೆ ಮಲಗಿರಬಹುದು. ಅನಾಹುತವಾಗುವವರೆಗೆ ಅವರಿಗೆ ಬೇರೆ ಕೆಲಸವಿರುವುದಿಲ್ಲ. ಈ ಒಂದು ಹುದ್ದೆಗೆ ಈಗಾಗಲೇ ಹದಿನೇಳು ಅರ್ಜಿಗಳು ಬಂದಿದ್ದು, ಅವುಗಳಲ್ಲಿ ಒಂದು ಗುಮಾಸ್ತರದ್ದಾಗಿರುತ್ತದೆ.

3. ವೈರನ್ನು ತಪ್ಪಾಗಿ ಜೋಡಿಸಿದವರು ಶಾಕ್ ಹೊಡೆದಂತೆ ತಾವೇ ಕಿರುಚಿಕೊಳ್ಳತಕ್ಕದ್ದು. ಒಂದು ಫೇಸ್ ಮುಟ್ಟಿದಲ್ಲಿ ಒಂದು ಸಲ. ಎರಡು ಫೇಸುಗಳ ನಡುವೆ ಸಿಕ್ಕಿಬಿದ್ದಲ್ಲಿ, ಪಠ್ಯದ ಸೂತ್ರದಂತೆ ವೋಲ್ಟೇಜ್ ಅಷ್ಟು ಪಟ್ಟು ಹೆಚ್ಚುವುದರಿಂದ, 1.732 ಸಲ. ದಶಾಂಶದ ಭಾಗವನ್ನು ಬಾಯಿ ಮುಚ್ಚಿಕೊಂಡು ಕಿರುಚತಕ್ಕದ್ದು.

4. ಬೀಗಕ್ಕೆ ಬೈಯುವುದನ್ನು ನಿಷೇಧಿಸಲಾಗಿದೆ. ಗುಮಾಸ್ತರು ಅದರ ಮುಂದೆ ನಿಂತು ಕ್ಷಮೆ ಕೋರಿದ್ದು, ಬೀಗವು ಆಕ್ಷೇಪಣೆ ಸಲ್ಲಿಸದಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.

5. ನಿನ್ನೆ ಬೆಳಿಗ್ಗೆ ತಾಳ್ಮೆಗೆಟ್ಟು, ಈ ಸುತ್ತೋಲೆಗೆ ಸಹಿ ಮಾಡಿರುವವರೇ ಗರಗಸ ತಂದು ಬೀಗ ಕೊಯ್ಯತೊಡಗಿದ್ದು ನಿಜ. ಅರ್ಧ ಕೊಯ್ಯುವಷ್ಟರಲ್ಲಿ ಪಕ್ಕದ ದೊಡ್ಡ ಪ್ಯಾನಲ್ಲಿನ ಹಿಂಬದಿಯಿಂದ "ಸಾರ್, ನೀವು ಕೊಯ್ತಿರೋದು ಬೀಗಾನಾ, ನನ್ನ ಕತ್ತಾನಾ?" ಎಂಬ ಪ್ರಶ್ನೆ ಕೇಳಿಬಂದಿರುತ್ತದೆ. ಹೋಗಿ ನೋಡಲಾಗಿ, ಅಭ್ಯರ್ಥಿನಿಯೊಬ್ಬರು ಪರೀಕ್ಷೆಯ ತಯಾರಿಗೆಂದು, ಬೋಧಕರ ಬೀಗವನ್ನು ನಂಬಿ, ಒಳಗೆ ಕರೆಂಟ್ ಹರಿಯುವ ತಾಮ್ರದ ಪಟ್ಟಿಗಳ ನಟ್ಟುಗಳನ್ನು ಬರಿಗೈಯಲ್ಲಿ ಬಿಗಿ ಮಾಡುತ್ತಿದ್ದರು. ಬೀಗ ತುಂಡಾಗಿ ಸ್ವಿಚ್ ಹಾಕಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯಲು ಕಚೇರಿಗೆ ಧೈರ್ಯ ಸಾಲದು.

6. ಗರಗಸವನ್ನು ಉಗ್ರಾಣಕ್ಕೆ ಒಪ್ಪಿಸಲಾಗಿದೆ. ನಾಳೆ ನಿರ್ದೇಶಕರೇ ಖುದ್ದಾಗಿ ಪರೀಕ್ಷಾ ಮಂಡಳಿಗೂ ಕಾರ್ಖಾನೆಗೂ ಹೋಗಿ, ಪರೀಕ್ಷೆಯನ್ನು ಮುಂದೂಡುವಂತೆಯೂ ಇಪ್ಪತ್ತೊಂದು ಕೆಲಸಗಳನ್ನು ಉಳಿಸುವಂತೆಯೂ ಕೈಮುಗಿದು ಕೇಳಿಕೊಳ್ಳುವರು. ಮನವಿಯ ಕಾರಣದ ಕಾಲಮ್ಮಿನಲ್ಲಿ 'ನಿರ್ದೇಶಕರು ಕಲಿಯುವುದು ಬಾಕಿ ಇತ್ತು' ಎಂದು ನಮೂದಿಸಲಾಗುವುದು.

ಸಹಿ/-
ನಿರ್ದೇಶಕರು

ಪ್ರತಿಗಳು:
1. ಹಿರಿಯ ಬೋಧಕರಿಗೆ, ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ವಿಳಾಸಕ್ಕೆ.
2. ಗುಮಾಸ್ತರಿಗೆ, ಬೀಗಕ್ಕೆ ಓದಿ ಹೇಳಲು.
3. ಕಡತಕ್ಕೆ.
4. ಪ್ಯಾನಲ್ಲಿನಲ್ಲಿದ್ದ ಅಭ್ಯರ್ಥಿನಿಗೆ, ಕ್ಷಮೆ ಕೋರಿ. ಅವರದೇ ಹೆಸರಿನ ಹೊಸ ಬೀಗವೊಂದನ್ನು ಲಗತ್ತಿಸಿದೆ.
5. ಹುಟ್ಟಲಿರುವ ಮಗುವಿಗೆ, ಮಾಹಿತಿಗಾಗಿ. ಇಲ್ಲಿ ಆತುರವೇನಿಲ್ಲ, ನಿಧಾನವಾಗಿ, ಸುರಕ್ಷಿತವಾಗಿ ಬರತಕ್ಕದ್ದು.